ಲಾರಿಯ ಗಂಟಲ ಬೇನೆ

ನಮ್ಮ ಈ ಅಂಕಣಕ್ಕೆ ಬರುವ ಪ್ರಶ್ನೆಗಳು ಹೆಚ್ಚಾಗಿ ಅಡಿಗೆಮನೆಯ ಮಿಕ್ಸರು, ಬಚ್ಚಲಮನೆಯ ಗೀಸರು, ಸೊಸಾಯಿಟಿಯ ನೀರಿನ ಪಂಪು, ಅಜ್ಜಿಯ ಕಾಲದ ಹೊಲಿಗೆಯಂತ್ರ ಇವುಗಳ ಸುತ್ತಲೇ ತಿರುಗುತ್ತಿರುತ್ತವೆ. ಈ ಸಲ ಬಂದದ್ದು ಒಂದು ಲಾರಿ. ಅದೂ ಮಾರ್ಕೆಟ್ಟಿಗೆ ಈರುಳ್ಳಿ ಹೊರುವ ಲಾರಿಯಲ್ಲ. ಸೇನೆಯಲ್ಲಿ ದುಡಿದು ನಿವೃತ್ತಿ ಪಡೆದು, ಹರಾಜಿನಲ್ಲಿ ಕೈಯಿಂದ ಕೈಗೆ ದಾಟಿ, ಕೊನೆಗೆ ಮಾಜಿವಾಡಾದ ಒಂದು ಗ್ಯಾರೇಜಿನ ಮುಂದೆ ಬಂದು ನಿಂತ ಶಕ್ತಿಮಾನ್ ಲಾರಿ.

ಪ್ರಶ್ನೆ ಬರೆದವರು ಲಾರಿಯ ಯಜಮಾನರಲ್ಲ, ಅವರ ಮನೆಯವರು. ಯಜಮಾನರು ನಮ್ಮ ಬಳಗದವರೇ. ಸೇನೆಯ ಸಾರಿಗೆಯಲ್ಲಿ ಸೇವೆ ಸಲ್ಲಿಸಿ ಸುಬೇದಾರರಾಗಿ ನಿವೃತ್ತರಾದವರು. ತಾವು ಒಂದು ಕಾಲಕ್ಕೆ ಓಡಿಸಿದ ಜಾತಿಯ ಲಾರಿಯೇ ಕಣ್ಣಿಗೆ ಬಿದ್ದಾಗ ಅವರ ಮನಸ್ಸು ನಿಲ್ಲಲಿಲ್ಲ. ಘೋಡಬಂದರ್ ರಸ್ತೆಯ ಕಡೆ ಸಿನೆಮಾ ಚಿತ್ರೀಕರಣ ನಡೆಯುವ ಜಾಗಗಳಿವೆ. ಯುದ್ಧದ ಕತೆ ಬಂದಾಗ ಇಂಥ ಲಾರಿಗೆ ಬಾಡಿಗೆ ಸಿಕ್ಕೀತೆಂದು ಲೆಕ್ಕ ಹಾಕಿ, ಅಕ್ಕನ ಮಗನನ್ನು ಪಾಲುದಾರನನ್ನಾಗಿ ಮಾಡಿಕೊಂಡು, ನಿವೃತ್ತಿಯ ಹಣದಲ್ಲಿ ಒಂದು ಭಾಗವನ್ನು ಅದರ ಮೇಲೆ ಹಾಕಿದರು. ಈಗ ಲಾರಿ ಚಾಲೂ ಆಗುತ್ತದೆ, ನಾಲ್ಕು ನಿಮಿಷ ಓಡುತ್ತದೆ, ಕೆಮ್ಮುತ್ತದೆ, ನಿಂತುಬಿಡುತ್ತದೆ. ಒಂದು ಗ್ಯಾರೇಜಿನವರು ನೋಡಿ, ಇಂಜೆಕ್ಷನ್ ಪಂಪು ಹೋಗಿದೆ, ಪೂರ್ತಿ ಬಿಚ್ಚಬೇಕು ಎಂದರು. ಅದರ ಖರ್ಚು ಕೇಳಿ ಮನೆಯವರ ಎದೆ ಧಸಕ್ಕೆಂದಿತು. “ಈ ಕಬ್ಬಿಣದ ಆನೆಗೆ ಇನ್ನೂ ಎಷ್ಟು ಸುರಿಯಬೇಕು, ಅದನ್ನಾದರೂ ಹೇಳಿರಿ, ಮಗಳ ಮದುವೆ ಮುಂದಿನ ವರ್ಷ ಇದೆ” ಎಂಬುದು ಪತ್ರದ ಸಾರ.

ಪ್ರಶ್ನೆ ನ್ಯಾಯವಾದದ್ದು. ಉತ್ತರ ಹೇಳುವ ಮೊದಲು ಲಾರಿಯ ಕುಲಗೋತ್ರವನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡುತ್ತೇವೆ. ಏಕೆಂದರೆ ರೋಗ ತಿಳಿಯಬೇಕಾದರೆ ಮನೆತನವೂ ತಿಳಿದಿರಬೇಕು.

ಮಾಜಿವಾಡಾ ಎಂದರೆ ಥಾಣೆಯ ದಾರಿಗಳು ಕೂಡುವ ಜಾಗ. ಮುಂಬಯಿಯಿಂದ ಬರುವ ಹೆದ್ದಾರಿ ಇಲ್ಲಿಂದ ನಾಸಿಕದ ಕಡೆಗೆ ಮುಂದುವರಿಯುತ್ತದೆ. ಘೋಡಬಂದರ್ ರಸ್ತೆ ಇಲ್ಲಿಂದಲೇ ಒಡೆದುಕೊಂಡು ಪಶ್ಚಿಮಕ್ಕೆ ಹೋಗುತ್ತದೆ. ಹಗಲಿರುಳೂ ಲಾರಿಗಳ ಸಾಲು ಕಾಣುವ ಊರಿನಲ್ಲಿ ಲಾರಿಯ ವೈದ್ಯರು ಇರುವುದು ಸಹಜ. ನಮ್ಮ ಈ ಸೀಮೆಗೂ ಸೇನೆಯ ವಾಹನಗಳಿಗೂ ನಂಟು ಹಳೆಯದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಲ್ಯಾಣದ ಹತ್ತಿರ ಸೇನೆಯ ದೊಡ್ಡ ಶಿಬಿರವಿತ್ತು. 1947ರ ದೇಶವಿಭಜನೆಯ ತರುವಾಯ ಅದೇ ಬರಾಕುಗಳಲ್ಲಿ ಸಿಂಧಿ ನಿರಾಶ್ರಿತರು ನೆಲೆ ನಿಂತರು. 1949ರಲ್ಲಿ ಆ ಶಿಬಿರ ಉಲ್ಲಾಸನಗರವಾಯಿತು. ಯುದ್ಧ ಮುಗಿದ ಮೇಲೆ ಸೇನೆಗೆ ಬೇಡವಾದ ಅಮೇರಿಕನ್, ಬ್ರಿಟಿಷ್, ಕೆನಡಿಯನ್ ವಾಹನಗಳು ‘ಡಿಸ್ಪೋಸಲ್’ ಎಂಬ ಹೆಸರಿನಲ್ಲಿ ಮಾರಾಟವಾಗಿ, ಮೈಮೇಲಿನ ಹಸಿರು ಬಣ್ಣ ಮಾಸುವ ಮೊದಲೇ ಸಾಮಾನು ಹೊರತೊಡಗಿದವು. ಆ ಕಾಲದ ಮಿಸ್ತ್ರಿಗಳು ಪುಸ್ತಕ ಓದಿ ಕಲಿತವರಲ್ಲ, ಆ ಲಾರಿಗಳನ್ನು ಬಿಚ್ಚಿ ಕಲಿತವರು.

ಶಕ್ತಿಮಾನ್ ಲಾರಿ ಆ ತಲೆಮಾರಿನದಲ್ಲ, ಅದರ ನಂತರದ್ದು. ಸ್ವಾತಂತ್ರ್ಯ ಬಂದ ಮೇಲೆ ನಮ್ಮ ಸೇನೆಗೆ ನಮ್ಮಲ್ಲೇ ತಯಾರಾದ ಲಾರಿ ಬೇಕೆಂದು ಜರ್ಮನಿಯ ‘ಮಾನ್’ ಕಂಪನಿಯೊಡನೆ ಒಪ್ಪಂದವಾಯಿತು. 1959ರಲ್ಲಿ ಜಬಲ್ಪುರದ ಗನ್ ಕ್ಯಾರೇಜ್ ಕಾರ್ಖಾನೆಯಿಂದ ಮೊದಲ ಶಕ್ತಿಮಾನ್ ಹೊರಬಂದಿತು. ಆಮೇಲೆ ಅದೇ ಊರಿನಲ್ಲಿ ವಾಹನಗಳಿಗೆಂದೇ ಬೇರೆ ಕಾರ್ಖಾನೆ ಎದ್ದಿತು. 1996ರ ತನಕ ಈ ಲಾರಿ ತಯಾರಾಗುತ್ತಿತ್ತು. 1965ರಲ್ಲಿಯೂ 1971ರಲ್ಲಿಯೂ ಜವಾನರನ್ನೂ ಮದ್ದುಗುಂಡನ್ನೂ ಹೊತ್ತದ್ದು ಇದೇ. ನಾಲ್ಕೂ ಗಾಲಿಗೆ ಶಕ್ತಿ ಹೋಗುವ, ಆರು ಸಿಲಿಂಡರಿನ, ಡೀಸೆಲ್ ಕುಡಿಯುವ ಲಾರಿ.

ಇಲ್ಲಿ ಒಂದು ಸ್ವಾರಸ್ಯವಿದೆ. ರುಡಾಲ್ಫ್ ಡೀಸೆಲ್ ಎಂಬ ಮಹನೀಯನು ತನ್ನ ಹೆಸರಿನ ಎಂಜಿನ್ನನ್ನು 1897ರಲ್ಲಿ ಮೊದಲು ಚೆನ್ನಾಗಿ ಓಡಿಸಿ ತೋರಿಸಿದ್ದು ಜರ್ಮನಿಯ ಆಗ್ಸ್‌ಬರ್ಗ್ ಊರಿನ ಕಾರ್ಖಾನೆಯಲ್ಲಿ. ಆ ಕಾರ್ಖಾನೆಯ ವಂಶವೇ ಈ ‘ಮಾನ್’ ಕಂಪನಿ. ಡೀಸೆಲನ್ನು ಹನಿ ಹನಿಯಾಗಿ ಅಳೆದು ಸಿಲಿಂಡರಿಗೆ ಚಿಮ್ಮಿಸುವ ಪಂಪನ್ನು 1927ರಿಂದ ದೊಡ್ಡ ಪ್ರಮಾಣದಲ್ಲಿ ತಯಾರಿಸಿದವನು ಅದೇ ದೇಶದ ರಾಬರ್ಟ್ ಬಾಷ್. ಆ ವಿದ್ಯೆ ನಮ್ಮ ನಾಡಿಗೆ ಬಂದದ್ದು ಬೆಂಗಳೂರಿನ ಮೂಲಕ. 1951ರಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯನ್ನು ಕನ್ನಡಿಗರೆಲ್ಲ ‘ಮೈಕೊ’ ಎಂದೇ ಬಲ್ಲರು. ಆಡುಗೋಡಿಯ ಆ ಕಾರ್ಖಾನೆಯಲ್ಲಿ ದುಡಿದ ಅಣ್ಣನೋ ಭಾವನೋ ಇಲ್ಲದ ಬೆಂಗಳೂರಿನ ಬಳಗ ಅಪರೂಪ. 2008ರಲ್ಲಿ ಅದರ ಹೆಸರು ಬಾಷ್ ಎಂದೇ ಬದಲಾಯಿತು. ಅದೇ ಕಂಪನಿಯ ಇನ್ನೊಂದು ಕಾರ್ಖಾನೆ, ಮಾಜಿವಾಡಾದಿಂದ ನೆಟ್ಟಗೆ ಹೋಗುವ ದಾರಿಯ ಆ ತುದಿಯಲ್ಲಿ, ನಾಸಿಕದಲ್ಲಿದೆ. ಹಾಗಾಗಿ ಡೀಸೆಲ್ ಪಂಪಿನ ಮಾತು ನಮಗೆ ಪರಕೀಯರ ಮಾತಲ್ಲ.

ಈಗ ರೋಗದ ವಿಚಾರಕ್ಕೆ ಬರೋಣ.

ಪೆಟ್ರೋಲ್ ಎಂಜಿನ್ನಿಗೂ ಡೀಸೆಲ್ ಎಂಜಿನ್ನಿಗೂ ಒಂದು ಮುಖ್ಯ ಭೇದವುಂಟು. ಪೆಟ್ರೋಲಿಗೆ ಕಿಡಿ ಬೇಕು. ಕೀಲಿ ತಿರುವಿ ಕಿಡಿ ನಿಲ್ಲಿಸಿದರೆ ಎಂಜಿನ್ನು ನಿಲ್ಲುತ್ತದೆ. ಡೀಸೆಲಿಗೆ ಕಿಡಿಯ ಹಂಗಿಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಬಲವಾಗಿ ಒತ್ತಿದಾಗ ಅದೇ ಕಾದು ಕೆಂಡವಾಗಿ, ಚಿಮ್ಮಿದ ಡೀಸೆಲು ತಾನಾಗಿ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಹಳೆಯ ಡೀಸೆಲ್ ಲಾರಿಯಲ್ಲಿ ಕೀಲಿ ಕಿತ್ತು ಕಿಸೆಯಲ್ಲಿಟ್ಟುಕೊಂಡರೂ ಎಂಜಿನ್ನು ತನ್ನ ಪಾಡಿಗೆ ತಾನು ಓಡುತ್ತಲೇ ಇರುತ್ತದೆ. ಅದನ್ನು ನಿಲ್ಲಿಸಬೇಕಾದರೆ ಕುಡಿಯುವುದನ್ನೇ ನಿಲ್ಲಿಸಬೇಕು.

ಹೀಗೆ ನಿಲ್ಲಿಸುವುದಕ್ಕೆ ಎರಡು ಬಾಗಿಲುಗಳಿರುತ್ತವೆ. ಒಂದು, ಟಾಕಿಯಿಂದ ಹೊರಟ ಕೊಳವೆಯಲ್ಲಿರುವ ಕಾಕು, ಎಂದರೆ ಹಿತ್ತಾಳೆಯ ಪುಟ್ಟ ನಲ್ಲಿ. ಇದು ಅಂಗಳದ ಗೇಟಿದ್ದಂತೆ. ಇನ್ನೊಂದು, ಇಂಜೆಕ್ಷನ್ ಪಂಪಿನ ಮೇಲಿರುವ ನಿಲ್ಲಿಸುವ ಸನ್ನೆ. ಚಾಲಕನು ತನ್ನ ಮುಂದಿನ ಗುಂಡಿಯನ್ನೆಳೆದರೆ ಒಂದು ತಂತಿ ಆ ಸನ್ನೆಯನ್ನು ಸರಿಸಿ, ಪಂಪು ಅಳೆದುಕೊಡುವ ಡೀಸೆಲನ್ನು ಸೊನ್ನೆಗೆ ತರುತ್ತದೆ. ಇದು ಮನೆಯೊಳಗಿನ ಬಾಗಿಲಿದ್ದಂತೆ. ದಿನನಿತ್ಯ ಬಳಸಬೇಕಾದದ್ದು ಒಳಬಾಗಿಲು. ಅಂಗಳದ ಗೇಟು ದುರಸ್ತಿಗೆ, ಬಹಳ ದಿನ ನಿಲ್ಲಿಸುವಾಗ, ಸೋರಿಕೆಯಾದಾಗ. ಕಾಕು ತಿರುವಿ ಎಂಜಿನ್ನು ನಿಲ್ಲಿಸುವ ಅಭ್ಯಾಸವುಳ್ಳವರು ಕೆಲವರಿದ್ದಾರೆ. ಅದು ಒಳ್ಳೆಯ ಅಭ್ಯಾಸವಲ್ಲ. ಕೊಳವೆಯಲ್ಲಿ, ಫಿಲ್ಟರಿನಲ್ಲಿ, ಪಂಪಿನಲ್ಲಿ ಉಳಿದದ್ದೆಲ್ಲ ಬರಿದಾಗುವ ತನಕ ಎಂಜಿನ್ನು ಓಡಿ, ಒಳಗೆ ಗಾಳಿ ಸೇರಿ, ಮರುದಿನ ಚಾಲೂ ಮಾಡುವಾಗ ಹೆಣಗಾಡಬೇಕಾಗುತ್ತದೆ.

ಸುಬೇದಾರರ ಲಾರಿಯ ಲಕ್ಷಣವನ್ನು ಇನ್ನೊಮ್ಮೆ ನೋಡಿರಿ: ಚಾಲೂ ಆಗುತ್ತದೆ, ಸ್ವಲ್ಪ ಓಡುತ್ತದೆ, ನಿಲ್ಲುತ್ತದೆ. ಪಂಪೇ ಸತ್ತಿದ್ದರೆ ಆ ನಾಲ್ಕು ನಿಮಿಷವಾದರೂ ಚೆನ್ನಾಗಿ ಓಡುವುದು ಹೇಗೆ? ಕೆಳಗೆ ಒಂದು ಹನಿಯೂ ತೊಟ್ಟಿಕ್ಕಿಲ್ಲವಲ್ಲ, ಹಾಗಾದರೆ ಸೋರಿಕೆ ಇಲ್ಲ ಎಂದು ಮೊದಲಿನ ಗ್ಯಾರೇಜಿನವರು ಹೇಳಿದರಂತೆ. ಕೇಳುವುದಕ್ಕೆ ಸರಿಯಾದ ಮಾತು. ಆದರೆ ಟಾಕಿ ಎಂಜಿನ್ನಿಗಿಂತ ಕೆಳಗಿರುವ ಲಾರಿಯಲ್ಲಿ ಫೀಡ್ ಪಂಪು ಡೀಸೆಲನ್ನು ಕೆಳಗಿನಿಂದ ಹೀರಬೇಕು. ಹೀರುವ ಕೊಳವೆಯಲ್ಲಿ ತೂತು ಬಿದ್ದರೆ ಡೀಸೆಲು ಹೊರಗೆ ಬರುವುದಕ್ಕಿಂತ ಗಾಳಿ ಒಳಗೆ ಹೋಗುವುದೇ ಹೆಚ್ಚು. ಮಕ್ಕಳು ಎಳನೀರು ಕುಡಿಯುವ ಕೊಳವೆ ಸೀಳಿದಾಗ ಏನಾಗುತ್ತದೆಂಬುದನ್ನು ಎಲ್ಲರೂ ಕಂಡಿದ್ದೇವೆ. ಎಳನೀರು ಸೋರುವುದಿಲ್ಲ, ಬಾಯಿಗೆ ಬರೀ ಗಾಳಿ ಬರುತ್ತದೆ.

ಪತ್ರ ಬಂದ ವಾರದಲ್ಲಿ ನಾವು ಮಾಜಿವಾಡಾಕ್ಕೆ ಹೋಗಿ ನೋಡಿದೆವು. ಸುಬೇದಾರರು ಅಷ್ಟರಲ್ಲಿ ಮತ್ತೊಬ್ಬ ಮಿಸ್ತ್ರಿಯನ್ನು ಕರೆಸಿದ್ದರು; ಧಾರವಾಡದ ಕಡೆಯ ಮುದುಕರು, ಮುಂಬಯಿಗೆ ಬಂದು ಲಾರಿಗಳ ಕೆಳಗೆಯೇ ಆಯುಷ್ಯ ಕಳೆದವರು. ಅವರು ಪಂಪಿನ ಕಡೆಗೆ ಕಣ್ಣೆತ್ತಿಯೂ ನೋಡಲಿಲ್ಲ. ಕೊಳವೆಯ ಗುಂಟ ಬೆರಳಾಡಿಸುತ್ತ ಟಾಕಿಯ ತನಕ ಹೋಗಿ, ಕಾಕಿನ ಹಿಡಿಯನ್ನು ಅತ್ತಿತ್ತ ಅಲುಗಿಸಿ ಎದ್ದು ನಿಂತರು.

“ಸಾಹೇಬ್ರ, ಇದು ಹೊಟ್ಟಿ ಬ್ಯಾನಿ ಅಲ್ರಿ, ಗಂಟಲ ಬ್ಯಾನಿ” ಎಂದರು.

ಅಳಿಯನಿಗೆ ನಂಬಿಕೆ ಬರಲಿಲ್ಲ. “ಮಾಮಾ, ಪಂಪ್ ಒಮ್ಮೆ ಬಿಚ್ಚಿಸಿಬಿಡೂದು ಛಲೋ ಅಲ್ಲೇನ್ರಿ? ಶೂಟಿಂಗಿನವರು ತಾರೀಕು ಕೇಳಾಕತ್ತ್ಯಾರ” ಎಂದು ಸುಬೇದಾರರ ಕಡೆ ನೋಡಿದ.

“ತಡಿ ತಮ್ಮಾ. ಬಿಚ್ಚೂದು ಯಾವಾಗಿದ್ರೂ ಇದ್ದದ್ದ. ಮದಲ ಡಬ್ಬಿ ಕಟ್ಟಿ ನೋಡೂಣು” ಎಂದು ಮಿಸ್ತ್ರಿಗಳು ಕೈ ಒರೆಸಿಕೊಂಡರು.

ಡಬ್ಬಿ ಕಟ್ಟಿ ನೋಡುವುದು ಬಹು ಸರಳವಾದ ಪರೀಕ್ಷೆ. ಟಾಕಿಯನ್ನೂ ಕಾಕನ್ನೂ ಪೂರ್ತಿ ಬಿಟ್ಟು, ಶುದ್ಧ ಡೀಸೆಲ್ ತುಂಬಿದ ಒಂದು ಡಬ್ಬಿಯನ್ನು ಎಂಜಿನ್ನಿಗಿಂತ ಎತ್ತರದಲ್ಲಿ ಭದ್ರವಾಗಿ ಕಟ್ಟಿ, ಹೊಸ ಕೊಳವೆಯಿಂದ ನೇರವಾಗಿ ಫೀಡ್ ಪಂಪಿಗೆ ಕೊಡಬೇಕು. ಒಳಗಿನ ಗಾಳಿ ತೆಗೆದು ಚಾಲೂ ಮಾಡಬೇಕು. ಎಂಜಿನ್ನು ಸರಿಯಾಗಿ ಓಡಿದರೆ ರೋಗ ಟಾಕಿಗೂ ಪಂಪಿಗೂ ನಡುವೆ ಇದೆ ಎಂದರ್ಥ; ಆಗಲೂ ಕೆಮ್ಮಿದರೆ ಮುಂದಿನದನ್ನು ನೋಡಬೇಕು. ಅಂದು ಲಾರಿ ನಾಲ್ಕಲ್ಲ, ನಲವತ್ತು ನಿಮಿಷ ಓಡಿತು. ಆಮೇಲೆ ಡಬ್ಬಿ ತೆಗೆದು, ಹಳೆಯ ದಾರಿಯಲ್ಲೇ ಪಂಪಿನ ಹತ್ತಿರ ಒಂದು ಗೇಣು ಪಾರದರ್ಶಕ ಕೊಳವೆ ಹಾಕಿ ನೋಡಿದಾಗ, ಸೋಡಾ ಬಾಟಲಿಯಲ್ಲಿ ಏಳುವಂತೆ ಗುಳ್ಳೆಗಳು ಸಾಲುಗಟ್ಟಿ ಬರುತ್ತಿದ್ದವು. ಅಳಿಯ ಸುಮ್ಮನಾದ. ಸುಬೇದಾರರು ಮೀಸೆ ತಿರುವಿದರು.

ಕಾಕನ್ನು ಬಿಚ್ಚಿ ಪರೀಕ್ಷಿಸುವ ಕ್ರಮವೂ ಅಷ್ಟೇ ಸುಲಭ. ಅದನ್ನು ಮುಚ್ಚಿದ ಸ್ಥಿತಿಯಲ್ಲಿಟ್ಟು, ಡೀಸೆಲ್ ಇರುವ ತಟ್ಟೆಯಲ್ಲಿ ಮುಳುಗಿಸಿ, ಒಂದು ಬಾಯಿಗೆ ಸೈಕಲ್ ಪಂಪಿನಿಂದ ಮೆಲ್ಲಗೆ ಗಾಳಿ ಕೊಡಬೇಕು. ಆಚೆಯ ಬಾಯಿಯಲ್ಲಿ ಗುಳ್ಳೆ ಬಂದರೆ ಮುಚ್ಚುವ ಕೆಲಸ ಕೆಟ್ಟಿದೆ. ಅನಂತರ ತೆರೆದ ಸ್ಥಿತಿಯಲ್ಲಿಟ್ಟು, ಆಚೆಯ ಬಾಯಿಗೆ ಬಿರಡೆ ಹಾಕಿ ಮತ್ತೆ ಗಾಳಿ ಕೊಡಬೇಕು; ಹಿಡಿಯ ಬುಡದಲ್ಲಿ ಗುಳ್ಳೆ ಎದ್ದರೆ ಗಾಳಿ ಹೀರುತ್ತಿದ್ದದ್ದು ಅಲ್ಲೇ. ಸುಬೇದಾರರ ಕಾಕಿಗೆ ಎರಡೂ ರೋಗವಿತ್ತು. ಬಾಯಿಯಿಂದ ಊದುವುದು, ಕೊಳವೆ ಕಚ್ಚಿ ಡೀಸೆಲನ್ನೋ ಪೆಟ್ರೋಲನ್ನೋ ಹೀರುವುದು ನಮ್ಮ ಹುಡುಗರಿಗೆ ದೊಡ್ಡಸ್ತಿಕೆಯ ಆಟ. ದಯವಿಟ್ಟು ಬೇಡ. ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೂ ಆಸ್ಪತ್ರೆ ಸೇರಬೇಕಾದೀತು.

ಈಗ ದುರಸ್ತಿಯೋ, ಹೊಸದೋ? ಹಳೆಯ ಹಿತ್ತಾಳೆಯ ಕಾಕಿನಲ್ಲಿ ಮೇಲೆ ದಪ್ಪ, ಕೆಳಗೆ ಸಣ್ಣಗಿರುವ ಒಂದು ಬಿರಡೆ ತನ್ನ ಗೂಡಿನಲ್ಲಿ ಕೂತು ತಿರುಗುತ್ತದೆ. ಬಿರಡೆಯಲ್ಲಿ ಅಡ್ಡ ತೂತು. ಹಿಡಿ ಕೊಳವೆಯ ಜೊತೆಗೆ ನೇರವಾಗಿದ್ದರೆ ದಾರಿ ತೆರೆದಿದೆ, ಅಡ್ಡವಾಗಿದ್ದರೆ ಮುಚ್ಚಿದೆ. ಬಿರಡೆಗೂ ಗೂಡಿಗೂ ನಡುವೆ ಒಂದು ಕೂದಲೆಳೆಯ ಜಾಗವೂ ಇರಬಾರದು. ವರ್ಷಗಟ್ಟಲೆ ಧೂಳಿನಲ್ಲಿ ತಿರುಗಿ ಗೀರು ಬಿದ್ದಾಗ ಗಾಳಿಗೆ ದಾರಿಯಾಗುತ್ತದೆ. ಗೀರು ಎಷ್ಟಿದೆಯೆಂದು ತಿಳಿಯಲು ಬಿರಡೆಯ ಮೇಲೆ ಸೀಸದ ಕಡ್ಡಿಯಿಂದ ಉದ್ದಕ್ಕೆ ನಾಲ್ಕಾರು ಗೆರೆ ಎಳೆದು, ಗೂಡಿನಲ್ಲಿ ಕೂರಿಸಿ ಎರಡು ಸಲ ತಿರುವಿ ತೆಗೆಯಬೇಕು. ಗೆರೆ ಎಲ್ಲಿ ಅಳಿಸಿದೆಯೋ ಅಲ್ಲಿ ಲೋಹಕ್ಕೆ ಲೋಹ ತಾಗಿದೆ. ಎಲ್ಲಿ ಉಳಿದಿದೆಯೋ ಅಲ್ಲಿ ಸಂದು ಇದೆ.

ಸಂದು ಸಣ್ಣದಾಗಿದ್ದರೆ ಬಹಳ ನಯವಾದ ಉಜ್ಜುವ ಪೇಸ್ಟನ್ನು ಸವರಿ, ಅತ್ತ ಅರ್ಧ ಸುತ್ತು ಇತ್ತ ಅರ್ಧ ಸುತ್ತು ಮೆಲ್ಲಗೆ ಉಜ್ಜಬೇಕು; ನಡುನಡುವೆ ಎತ್ತಿ ಜಾಗ ಬದಲಿಸಿ ಕೂರಿಸಬೇಕು. ನಮ್ಮ ತಾಯಂದಿರು ರುಬ್ಬುಗುಂಡು ತಿರುವಿದಂತೆ ಒಂದೇ ದಿಕ್ಕಿಗೆ ತಿರುವುತ್ತ ಹೋದರೆ ಹೊಸ ಗೀರು ಬೀಳುತ್ತದೆ. ಕೊನೆಗೆ ಪೇಸ್ಟಿನ ಕಣ ಒಂದೂ ಉಳಿಯದಂತೆ ತೊಳೆಯಬೇಕು. ಉಳಿದ ಕಣ ಮುಂದೆ ಇಂಜೆಕ್ಷನ್ ಪಂಪಿಗೆ ಹೋದರೆ, ಯಾವ ಖರ್ಚನ್ನು ತಪ್ಪಿಸಲು ಹೊರಟೆವೋ ಅದೇ ಖರ್ಚು ತಲೆಯ ಮೇಲೆ ಬರುತ್ತದೆ. ಉಗುರಿಗೆ ಸಿಕ್ಕುವಷ್ಟು ಆಳವಾದ ಗೀರು, ಬಿರುಕು, ಸವೆದ ಥ್ರೆಡ್ಡು, ಸೋತ ಸ್ಪ್ರಿಂಗು ಇವುಗಳಲ್ಲಿ ಒಂದು ಕಂಡರೂ ಉಜ್ಜುತ್ತ ಕೂಡಬಾರದು, ಹೊಸ ಕಾಕನ್ನೇ ಹಾಕಬೇಕು. ಸುಬೇದಾರರ ಕಾಕಿನಲ್ಲಿ ಉಗುರು ಸಿಕ್ಕಿತು. ಹೊಸದನ್ನೇ ತರಬೇಕೆಂದು ತೀರ್ಮಾನವಾಯಿತು.

ಹೊಸದನ್ನು ಕೊಳ್ಳುವಾಗ ಎಚ್ಚರ ಬೇಕು. ಹಳೆಯ ಸೇನಾ ವಾಹನಗಳಲ್ಲಿ ದೇಶಕ್ಕೊಂದು ಥ್ರೆಡ್ಡು. ಜರ್ಮನ್ ಮೂಲದ ಲಾರಿಗೆ ಮಿಲಿಮೀಟರಿನ ಲೆಕ್ಕ; ಬ್ರಿಟಿಷ್ ವಾಹನಕ್ಕೆ ಇಂಚಿನ ಒಂದು ಬಗೆ; ಅಮೇರಿಕನ್ ಜೀಪಿಗೆ ಇಂಚಿನದೇ ಇನ್ನೊಂದು ಬಗೆ. ಮುಂಬಯಿಯ ಮಿಸ್ತ್ರಿಗಳು ಥ್ರೆಡ್ಡಿಗೆ ‘ಆಟೆ’ ಎನ್ನುತ್ತಾರೆ. ಒಂದರ ಆಟೆ ಇನ್ನೊಂದರಲ್ಲಿ ಎರಡು ಸುತ್ತು ಹೋಗುತ್ತದೆ, ಮೂರನೆಯದಕ್ಕೆ ಬಿಗಿಯಾಗುತ್ತದೆ. ಅದನ್ನು ನೋಡಿ ‘ಸರಿಯಾಗಿ ಬಿಗಿಯಿತು’ ಎಂದು ಪಾನಾ ಹಾಕಿ ತಿರುವಿದವನು ಟಾಕಿಯ ಬಾಯನ್ನೇ ಕೆಡಿಸಿರುತ್ತಾನೆ. ಕೈಬೆರಳಿನಿಂದಲೇ ನಾಲ್ಕು ಸುತ್ತು ಸರಾಗವಾಗಿ ಹೋಗದಿದ್ದರೆ ಅದು ಅದರ ಜೋಡಿಯಲ್ಲ. ಅಂಗಡಿಗೆ ಹೋಗುವಾಗ ಹಳೆಯ ಕಾಕನ್ನು ಜೊತೆಗೇ ಒಯ್ಯಬೇಕು. ಒಳಗಿನ ತೂತು ಹಳೆಯದಕ್ಕಿಂತ ಸಣ್ಣದಾಗಿರಬಾರದು. ಸಣ್ಣದಾದರೆ ಖಾಲಿ ಲಾರಿ ಓಡೀತು, ಗಾಯಮುಖದ ಏರಿನಲ್ಲಿ ಭಾರ ಹೊತ್ತಾಗ ಉಸಿರು ಕಟ್ಟೀತು. ನೀರಿನ ನಲ್ಲಿಯನ್ನು ಡೀಸೆಲಿಗೆ ಹಾಕಲೇಬಾರದು. ಅದರೊಳಗಿನ ರಬ್ಬರು ನೀರಿಗೆ ಹೊಂದಿದ್ದು, ಡೀಸೆಲು ತಾಗಿದರೆ ಉಬ್ಬಿ ಮೆತ್ತಗಾಗಬಹುದು. ಎರಡು ಟಾಕಿಯ ಲಾರಿಗಳಲ್ಲಿ ಮೂರು ದಾರಿಯ ಕಾಕು ಇರುತ್ತದೆ; ಅದನ್ನು ಬಿಚ್ಚುವ ಮೊದಲು ಯಾವ ಕೊಳವೆ ಯಾವ ಬಾಯಿಗೆ ಎಂದು ಬಣ್ಣದ ದಾರ ಕಟ್ಟಿ ಗುರುತಿಡುವುದು ಜಾಣತನ.

ತಾಮ್ರದ ವೈಸರುಗಳ ಮಾತೂ ಹೇಳಬೇಕು. ಒಮ್ಮೆ ಬಿಗಿದ ತಾಮ್ರ ಗಟ್ಟಿಯಾಗಿ, ಎರಡನೆಯ ಸಲ ಸರಿಯಾಗಿ ಕೂರುವುದಿಲ್ಲ. ಹೊಸದನ್ನು ಹಾಕುವುದು ಉತ್ತಮ. ಸಿಕ್ಕದಿದ್ದರೆ ಹಳೆಯದನ್ನು ಕೆಂಪಗೆ ಕಾಯಿಸಿ ತಣಿಸಿದರೆ ತಾಮ್ರ ಮತ್ತೆ ಮೃದುವಾಗುತ್ತದೆ; ಅಕ್ಕಸಾಲಿಗರಿಗೆ ತಿಳಿದ ವಿದ್ಯೆಯೇ ಇದು. ಕಾಯಿಸುವುದು ಮಾತ್ರ ಲಾರಿಯಿಂದ ದೂರ, ಗ್ಯಾರೇಜಿನ ಹೊರಗೆ. ನಲ್ಲಿ ಕೆಲಸದವರ ಬಿಳಿಯ ಟೇಪನ್ನು ಸುತ್ತುವ ಚಟವೂ ಬೇಡ. ಅದರ ಎಳೆ ಹರಿದು ಒಳಗೆ ಹೋದರೆ ಫಿಲ್ಟರಿಗೂ ಪಂಪಿಗೂ ಪೀಡೆ.

ಹೊಸ ಕಾಕು ಕೂತ ಮೇಲೆ ಗಾಳಿ ತೆಗೆಯಬೇಕು. ಫಿಲ್ಟರಿನ ತಲೆಯ ಮೇಲಿರುವ ಸಣ್ಣ ತಿರುಪನ್ನು ಸಡಿಲಿಸಿ, ಫೀಡ್ ಪಂಪಿನ ಕೈಗುಂಡಿಯನ್ನು ಒತ್ತುತ್ತಾ ಹೋದರೆ ಮೊದಲು ನೊರೆ, ಆಮೇಲೆ ಗುಳ್ಳೆ, ಕೊನೆಗೆ ನಿರ್ಮಲವಾದ ಡೀಸೆಲು ಬರುತ್ತದೆ, ಆಗ ಬಿಗಿಯಬೇಕು. ಅನಂತರ ಇಂಜೆಕ್ಷನ್ ಪಂಪಿನ ಮೇಲಿನ ತಿರುಪಿನಲ್ಲಿ ಅದೇ ಕೆಲಸ. ಟಾಕಿಯ ಕಡೆಯಿಂದ ಎಂಜಿನ್ನಿನ ಕಡೆಗೆ, ಇದೇ ಅನುಕ್ರಮ. ಪಂಪಿನಿಂದ ಸಿಲಿಂಡರಿಗೆ ಹೋಗುವ ಉಕ್ಕಿನ ಸಣ್ಣ ಕೊಳವೆಗಳಲ್ಲಿ ಒತ್ತಡ ಬಹಳ ಹೆಚ್ಚು. ಗಾಳಿಯ ಸಾಮಾನ್ಯ ಒತ್ತಡಕ್ಕಿಂತ ನೂರು ಪಟ್ಟಿಗೂ ಮೀರಿದ್ದು. ಅಲ್ಲಿ ಚಿಮ್ಮುವ ಡೀಸೆಲು ಸೂಜಿಯಂತೆ ಚರ್ಮ ಚುಚ್ಚಿ ಒಳಗೆ ಇಳಿಯಬಲ್ಲದು. ಗಾಯ ಸಾಸಿವೆಯಷ್ಟು ಕಂಡರೂ ಒಳಗೆ ಅನಾಹುತವಾಗಿರುತ್ತದೆ. ಅಂಥದ್ದು ಆದರೆ ಅರಿಸಿನ ಹಚ್ಚಿ ಸುಮ್ಮನಿರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಎಂಜಿನ್ನು ಓಡುವಾಗ ಅಲ್ಲಿ ಬೆರಳಿಟ್ಟು ಸೋರಿಕೆ ಹುಡುಕಬಾರದು. ರಟ್ಟಿನ ತುಂಡು ಹಿಡಿದು ನೋಡಬೇಕು.

ಇಷ್ಟಾದ ಮೇಲೆ ಸುಬೇದಾರರ ಲಾರಿ ಸರಾಗವಾಗಿ ಓಡಿತು. ಅಳಿಯ ಚಪ್ಪಾಳೆ ತಟ್ಟಿದ. ಆದರೆ ಮುದುಕ ಮಿಸ್ತ್ರಿಗಳು ನಗಲಿಲ್ಲ. “ಓಡೂದು ನೋಡಿದ್ವಿ. ಇನ್ನ ನಿಂದ್ರೂದು ನೋಡೂಣ್ರಿ” ಎಂದರು. ನಿಲ್ಲಿಸುವ ಗುಂಡಿ ಎಳೆದರೆ ಅದು ಅರ್ಧಕ್ಕೆ ಬಂದು ಸಿಕ್ಕಿಕೊಂಡಿತು. ಎಂಜಿನ್ನು ಗುರುಗುಟ್ಟುತ್ತಲೇ ಇತ್ತು. ಒಳಗಿನ ತಂತಿ ತುಕ್ಕು ಹಿಡಿದಿತ್ತು. ಇಷ್ಟು ದಿನ ಲಾರಿ ತಾನಾಗಿಯೇ ನಿಲ್ಲುತ್ತಿದ್ದುದರಿಂದ ನಿಲ್ಲಿಸುವ ಪ್ರಸಂಗವೇ ಯಾರಿಗೂ ಬಂದಿರಲಿಲ್ಲ!

ನಮಗೆ ಮೈ ಜುಮ್ಮೆಂದದ್ದು ಇಲ್ಲಿ. ಚಿತ್ರೀಕರಣದ ಜಾಗವೆಂದರೆ ಜನಜಂಗುಳಿ. ದೀಪ ಹಿಡಿದವರು, ಚಹಾ ಕೊಡುವ ಹುಡುಗರು, ಜವಾನರ ವೇಷ ತೊಟ್ಟು ಲಾರಿಯ ಮುಂದೆಯೇ ಓಡುವವರು. ನಿರ್ದೇಶಕರು ‘ಕಟ್’ ಎಂದಾಗ ನಟರು ನಿಲ್ಲುತ್ತಾರೆ. ಐದಾರು ಟನ್ನಿನ ಕಬ್ಬಿಣಕ್ಕೆ ಆ ಮಾತು ಕೇಳಿಸುವುದಿಲ್ಲ. ಗಾಳಿ ಹೀರುವ ಕಾಕಿನಿಂದ ಹೋಗುತ್ತಿದ್ದುದು ಹಣ ಮಾತ್ರ. ಸಿಕ್ಕಿಕೊಂಡ ಈ ತಂತಿಯಿಂದ ಹೋಗಬಹುದಾದದ್ದು ಜೀವ. ಅಂದೇ ಹೊಸ ತಂತಿ ಹಾಕಿಸಿದರು. ಗುಂಡಿ ಎಳೆದರೆ ಪಂಪಿನ ಸನ್ನೆ ಕೊನೆಯ ತನಕ ಸರಿಯಬೇಕು, ಬಿಟ್ಟರೆ ಪೂರ್ತಿ ಹಿಂದಕ್ಕೆ ಬರಬೇಕು. ಒಬ್ಬರು ಎಳೆಯಬೇಕು, ಇನ್ನೊಬ್ಬರು ಬಾನೆಟ್ ತೆರೆದು ಕಣ್ಣಾರೆ ನೋಡಬೇಕು. ಗುಂಡಿಯ ಪಕ್ಕದಲ್ಲಿ ‘ನಿಲ್ಲಿಸು’ ಎಂದು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಬರೆಯಿಸಿದರು.

ಓಡಿಸುವಾಗಲೇ ತಂತಿ ಹರಿದರೆ? ಮೊದಲು ಬ್ರೇಕು ಹಾಕಿ ಲಾರಿಯನ್ನು ನಿಲ್ಲಿಸಬೇಕು. ಎದುರಿಗೆ ಜನರಿಲ್ಲದಂತೆ ನೋಡಿಕೊಂಡು, ಬ್ರೇಕನ್ನು ಬಲವಾಗಿ ಒತ್ತಿಹಿಡಿದು, ಮೇಲಿನ ಗೇರಿಗೆ ಹಾಕಿ ಕ್ಲಚ್ಚನ್ನು ಬಿಟ್ಟರೆ ಎಂಜಿನ್ನು ಉಸಿರುಗಟ್ಟಿ ನಿಲ್ಲುತ್ತದೆ. ಅಪರೂಪಕ್ಕೆ ಒಮ್ಮೆ ಹಳೆಯ ಎಂಜಿನ್ನು ತನ್ನ ಒಳಗಿನ ಆಯಿಲನ್ನೇ ಕುಡಿಯುತ್ತ ಹುಚ್ಚಾಬಟ್ಟೆ ಓಡತೊಡಗುವುದುಂಟು. ಆಗ ಕಾಕು ಮುಚ್ಚಿಯೂ ಪ್ರಯೋಜನವಿಲ್ಲ, ಗುಂಡಿ ಎಳೆದೂ ಪ್ರಯೋಜನವಿಲ್ಲ. ಗಾಳಿಯ ಬಾಯನ್ನು ಒಂದು ಗಟ್ಟಿ ಹಲಗೆಯಿಂದ ಮುಚ್ಚಬೇಕು. ಅಂಗೈ ಇಡಬಾರದು, ಬಟ್ಟೆ ತುರುಕಬಾರದು. ಎಂಜಿನ್ನು ಕೈಮೀರಿ ಕೂಗುತ್ತಿದ್ದರೆ ಎಲ್ಲರೂ ದೂರ ಸರಿಯಬೇಕು. ಲಾರಿ ಹೋದರೆ ಇನ್ನೊಂದು ಬಂದೀತು.

ಪೆಟ್ರೋಲಿನ ಹಳೆಯ ವಾಹನ ಉಳ್ಳವರಿಗೆ ಇನ್ನೂ ಒಂದು ಮಾತು. ಯುದ್ಧಕಾಲದ ಜೀಪಿನಲ್ಲಿ ಟಾಕಿ ಇರುವುದು ಚಾಲಕನ ಆಸನದ ಕೆಳಗೆ. ಜಬಲ್ಪುರದಲ್ಲಿಯೇ ತಯಾರಾದ ಜೋಂಗಾ ಕೂಡ ಪೆಟ್ರೋಲಿನದೇ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ನೆಲದ ಗುಂಟ ಹರಿದು ಗ್ಯಾರೇಜಿನ ಗುಂಡಿಯಲ್ಲಿ ಕೂಡುತ್ತದೆ, ಒಂದು ಕಿಡಿಗಾಗಿ ಕಾಯುತ್ತದೆ. ಆದ್ದರಿಂದ ಕಾಕು ಬಿಚ್ಚುವ ಮೊದಲು ಬ್ಯಾಟರಿಯ ತಂತಿ ಕಳಚಬೇಕು, ಗುಂಡಿಯ ಮೇಲೆ ವಾಹನ ನಿಲ್ಲಿಸಬಾರದು, ಬಯಲಿನಲ್ಲಿ ಕೆಲಸ ಮಾಡಬೇಕು, ಬೆಂಕಿ ಆರಿಸುವ ಸಿಲಿಂಡರು ಕೈಗೆಟುಕುವಂತಿರಬೇಕು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಪ್ರಧಾನಮಂತ್ರಿಗಳು ಶೇಕಡಾ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲನ್ನು ಬಿಡುಗಡೆ ಮಾಡಿದರು. ಈಗ ಅದು ದೇಶದ ತುಂಬ ಬಳಕೆಗೆ ಬಂದಿದೆ. ಹಳೆಯ ವಾಹನಗಳ ರಬ್ಬರು, ಕಾರ್ಕು, ಅಂಟುಗಳು ಅದಕ್ಕೆಂದು ತಯಾರಾದವಲ್ಲ. ಅವು ಉಬ್ಬಬಹುದು, ಒಣಗಿ ಬಿರಿಯಬಹುದು. ಎಥೆನಾಲಿಗೆ ತಾಳುವ ಸೀಲುಗಳು ಸಿಕ್ಕುತ್ತವೆ, ಕೇಳಿ ಹಾಕಿಸಿಕೊಳ್ಳಬೇಕು.

ಇನ್ನು ಪತ್ರ ಬರೆದ ತಾಯಿಯವರಿಗೆ ಉತ್ತರ. ಅಮ್ಮಾ, ಪಂಪು ಸದ್ಯಕ್ಕೆ ಬಿಚ್ಚಬೇಕಾಗಿಲ್ಲ. ಒಂದು ಕಾಕು, ನಾಲ್ಕು ವೈಸರು, ಒಂದು ತಂತಿ, ಮಿಸ್ತ್ರಿಗಳ ಎರಡು ದಿನದ ಕೂಲಿ, ಇಷ್ಟರಲ್ಲಿ ಮುಗಿದಿದೆ. ಇನ್ನು ಮುಂದೆ ಲಾರಿಗೆಂದು ಒಂದು ಬೇರೆ ವಹಿ ಇಡಿರಿ. ಯಾರಾದರೂ ದೊಡ್ಡ ಖರ್ಚು ಹೇಳಿದರೆ, ‘ಅದಕ್ಕಿಂತ ಸಣ್ಣದು ಯಾವುದನ್ನು ಪರೀಕ್ಷಿಸಿ ನೋಡಿದಿರಿ?’ ಎಂದು ಕೇಳಿರಿ. ಉತ್ತರ ಬಂದರೆ ಹಣ ಕೊಡಿರಿ. ಬಾರದಿದ್ದರೆ ಇನ್ನೊಬ್ಬರನ್ನು ಕರೆಯಿಸಿರಿ. ಲಾರಿಯ ನೋಂದಣಿ, ಫಿಟ್ನೆಸ್ ಸರ್ಟಿಫಿಕೇಟು, ವಿಮೆ ಮೂರೂ ಕೈಸೇರುವ ತನಕ ಅದು ರಸ್ತೆಗೆ ಇಳಿಯಕೂಡದೆಂದು ಯಜಮಾನರಿಗೆ ನೀವೇ ಹೇಳಬೇಕು. ಸೇನೆಯಲ್ಲಿ ಶಿಸ್ತು ಕಲಿತವರು. ಮನೆಯ ಆಜ್ಞೆಯನ್ನೂ ಪಾಲಿಸುತ್ತಾರೆಂದು ನಂಬುತ್ತೇವೆ. ಮಗಳ ಮದುವೆಯ ಹಣಕ್ಕೆ ಮಾತ್ರ ಈ ಲಾರಿ ಬಾಯಿ ಹಾಕದಂತೆ ಆ ಕಾಕಿನ ಹಿಡಿ ನಿಮ್ಮ ಕೈಯಲ್ಲೇ ಇರಲಿ.

ಲಾರಿ ಇಲ್ಲದ ಮಿಕ್ಕ ವಾಚಕರು ಇದು ತಮಗೆ ಸಂಬಂಧಿಸಿದ್ದಲ್ಲವೆಂದು ಪುಟ ತಿರುವಬಾರದು. ಪ್ರತಿ ಮನೆಯ ಅಡಿಗೆಮನೆಯಲ್ಲೂ ಇಂಥ ಒಂದು ಕಾಕಿದೆ. ಸಿಲಿಂಡರಿನ ಗ್ಯಾಸು ಉಳ್ಳವರು ರಾತ್ರಿ ಒಲೆಯ ಗುಂಡಿಯ ಜೊತೆಗೆ ರೆಗ್ಯುಲೇಟರನ್ನೂ ಮುಚ್ಚಬೇಕು. 5 ವರ್ಷಕ್ಕೊಮ್ಮೆ ಸುರಕ್ಷಾ ಕೊಳವೆಯನ್ನು ಬದಲಾಯಿಸಬೇಕು. ಅದರ ಮೇಲೆಯೇ ವರ್ಷ ಅಚ್ಚಾಗಿರುತ್ತದೆ, ದೀಪ ಹಿಡಿದು ಓದಿರಿ. ಕೊಳವೆಯ ಗ್ಯಾಸು ಬಂದಿರುವ ಮನೆಗಳಲ್ಲಿ ಒಲೆಯ ಹಿಂದೊಂದು, ಮೀಟರಿನ ಹತ್ತಿರ ಇನ್ನೊಂದು ಕಾಕು ಇರುತ್ತದೆ. ಮೀಟರಿನ ಕಾಕು ಎಲ್ಲಿದೆಯೆಂದು ಮನೆಯ ಎಷ್ಟು ಮಂದಿಗೆ ಗೊತ್ತು? ಡಬ್ಬಿಗಳ ಸಾಲಿನ ಹಿಂದೆ ಅದು ಅಡಗಿರಬಾರದು. ಈ ಭಾನುವಾರ ಊಟಕ್ಕೆ ಕೂರುವ ಮೊದಲು, ಮನೆಯಲ್ಲಿ ಹತ್ತು ವರ್ಷ ದಾಟಿದವರನ್ನೆಲ್ಲ ಕರೆದು ಅದನ್ನು ತೋರಿಸಿರಿ. ಹಿಡಿ ಹೇಗಿದ್ದರೆ ತೆರೆದಿದೆ, ಹೇಗಿದ್ದರೆ ಮುಚ್ಚಿದೆ ಎಂದು ಅವರ ಕೈಯಿಂದಲೇ ತಿರುವಿಸಿರಿ. ಅರ್ಧ ನಿಮಿಷದ ಕೆಲಸ, ಪಾಯಸ ಆರುವುದಿಲ್ಲ.